ಉಸಿರಿನಷ್ಟು ನುಡಿಸಿದ ಗಿಟಾರ್ ಮಾಸ್ತರು

ಅವರ ಬಲಗೈ ಹೆಬ್ಬೆರಳಿನ ಅಂಚು ಎತ್ತಿನ ಗೊರಸಿನಂತೆ ಗಡುಸಾಗಿತ್ತು. ಗಿಟಾರ್ ಮಾಸ್ತರು ಮೀಟುವ ಪ್ಲಾಸ್ಟಿಕ್ ಬಿಲ್ಲೆ ಹಿಡಿದವರೇ ಅಲ್ಲ. ತಂತಿಯನ್ನು ಆ ಹೆಬ್ಬೆರಳಿನಿಂದಲೇ ಮೀಟುತ್ತಿದ್ದರು. ಹಾಗಾಗಿ ಅವರ ನಾದ ಮೆತ್ತಗೆ, ಸ್ವಲ್ಪ ಮಂದ.

ಸಿರುಗುಪ್ಪದವರು. ಬಳ್ಳಾರಿಯ ಮದುವೆ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ಬಾರಿಸಿಕೊಂಡಿದ್ದವರು ಮುಂಬೈಗೆ ಹೋಗಿ ಇಪ್ಪತ್ತು ವರ್ಷ ಜಾಝ್ ನುಡಿಸಿದರು. ಎರಡು ಆಲ್ಬಂ ಬಂದವು. ಧಾಟಿಯೊಂದನ್ನು ಒಮ್ಮೆ ಬಾರಿಸಿ, ಆಮೇಲೆ ಆ ಗಳಿಗೆಗೆ ಹೊಳೆದದ್ದನ್ನೆಲ್ಲ ಅದರ ಮೇಲೆ ಕಟ್ಟುತ್ತ ಹೋಗುವುದು ಅವರ ರೀತಿ. ಬೆರಳು ಬಲು ಚುರುಕು. ಸ್ವರಗಳ ನಡುವೆ ಸಂದೇ ಇರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಹೆಚ್ಚಾದ ಮೇಲೆ ಬಳ್ಳಾರಿಗೆ ಮರಳಿ, ಪಾರ್ವತಿನಗರದ ನಮ್ಮ ಹಿಂದಿನ ಬೀದಿಯಲ್ಲಿ ಪಾಠ ಹೇಳತೊಡಗಿದರು.

ನಾನು ಕೊಳಗಲ್ಲಿನಲ್ಲಿ ಶಾಲಾ ಶಿಕ್ಷಕಿ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ದನಿ ಪಿಸುಮಾತಿಗಿಳಿದಿತ್ತು. ದನಿಯಿಲ್ಲದವಳು ಏನು ಕಲಿಸುವುದು? ಕೆಲಸ ಬಿಡುವ ಯೋಚನೆಯಲ್ಲಿ ರಜೆ ಹಾಕಿ ಕೂತವಳು, ಹೊತ್ತು ಹೋಗಲೆಂದು ಗಿಟಾರ್ ಕಲಿಯಲು ಹೋದೆ.

ಅವರದು ಒಂದೇ ಕಟ್ಟಳೆ. “ಮೊದಲ ಹಾಡ್ರಿ, ಆಮ್ಯಾಲೆ ಬಾರಸ್ರಿ. ಬಾಯಾಗ ಬರದ್ದು ಬೆರಳಾಗ ಬರಂಗಿಲ್ಲ.”

ಬಾಯಿ ತೆರೆದೆ. ಗಾಳಿಯಷ್ಟೇ ಬಂತು. ಅಳು ತಡೆಯಲಾಗಲಿಲ್ಲ. “ನನಗ ದನೀನ ಇಲ್ರಿ ಸರ್.”

ಅವರು ಗಿಟಾರನ್ನು ನನ್ನ ಕಡೆಗೆ ಸರಿಸಿದರು. “ಉಸಿರು ಐತಲ್ರಿ ಟೀಚರ? ಉಸಿರು ಇರೋಮಟ ಬಾರಸ್ರಿ. ಮುಗೀತು, ನಿಂದರ್ರಿ. ಮತ್ತ ಎಳಕಂಡು ಶುರು ಮಾಡ್ರಿ.”

ನಾಲ್ಕು ಸ್ವರ ಬಾರಿಸಿ ನಿಂತೆ. ಮತ್ತೆ ಮೂರು. ಅವರೂ ಗಿಟಾರ್ ಎತ್ತಿಕೊಂಡು ಜೊತೆಗೂಡಿದರು. ನಾನು ನಿಂತಲ್ಲಿ ಅವರ ಬೆರಳು ಮುಂದೆ ಓಡಿತು. “ಲೇ, ನಿಂದ್ರಲೇ!” ಎಂದು ತಮ್ಮ ಕೈಯನ್ನೇ ಬೈದು ನಕ್ಕರು.

ಎಂಟು ತಿಂಗಳ ಮೇಲೆ ಸಿರುಗುಪ್ಪದಲ್ಲಿ ಅವರ ಕಛೇರಿ. ಅವರು ಒಂದು ಉಸಿರಿನಷ್ಟು ನುಡಿಸಿ ನಿಂತರು. ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮತ್ತೆ ನುಡಿಸಿ ನಿಂತರು. ಮೂರನೆಯ ಸಲ ಯಾರೂ ತಟ್ಟಲಿಲ್ಲ, ಕಾದರು.

ಕುರುಗೋಡಿನಿಂದ ಬಂದಿದ್ದ ಅವರ ಅಕ್ಕ ಆಮೇಲೆ ಕೇಳಿದರು: “ಯಾಕಲೇ ನಡುನಡುವ ನಿಂದ್ರತಿದ್ದಿ, ಮರತಿದ್ದೇನು?”

“ಮರತಿಲ್ಲಕ್ಕ. ಈ ಟೀಚರ್ ಹತ್ರ ಕಲತೀನಿ” ಎಂದು ನನ್ನನ್ನು ತೋರಿಸಿದರು. ಆ ವಾರವೇ ನಾನು ಶಾಲೆಗೆ ಮರಳಿ, ಅದೇ ಪಿಸುದನಿಯಲ್ಲಿ ಒಂದು ಉಸಿರಿನಷ್ಟು ಹೇಳಿ ನಿಲ್ಲುತ್ತ ಪಾಠ ಮಾಡತೊಡಗಿದೆ.

ಮುಂದಿನ ಬೇಸಿಗೆಯಲ್ಲಿ ಮೂತ್ರಪಿಂಡ ಕೈಕೊಟ್ಟು, ಮಾಸ್ತರು ಕುರುಗೋಡಿನ ಅಕ್ಕನ ಮನೆಯಲ್ಲಿ ತೀರಿಕೊಂಡರು. ಅದಕ್ಕೂ ಎರಡು ತಿಂಗಳು ಮೊದಲು ಒಂದು ಮುಂಜಾನೆ, ಹೇಳದೆ ಕೇಳದೆ ನನ್ನ ನಾಲ್ಕನೇ ತರಗತಿಗೆ ಬಂದಿದ್ದರು. ಕೊನೆಯ ಸಾಲಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು ಭಾಗಾಕಾರದ ಪಾಠ ಪೂರ್ತಿ ಕೇಳಿದರು. ಗಂಟೆ ಹೊಡೆದ ಮೇಲೆ ಗೋಡೆ ಹಿಡಿದು ನಿಧಾನಕ್ಕೆ ಎದ್ದು ನಿಂತರು.

“ಹಿಂದ ಕುಂತೋರಿಗೂ ಕೇಳಸ್ತೈತ್ರಿ, ಟೀಚರ” ಎಂದರು.