ಎತ್ತಿಕೊಳ್ಳದ ಸೊಲ್ಲು

ಹುಣಸೆಹಣ್ಣು ಹಚ್ಚಿ ದೇವರ ಸಾಮಾನು ತಿಕ್ಕುತ್ತಿದ್ದೆ. ಮರುದಿನ ಸೋಮವಾರ. ಆರತಿ, ಗಂಟೆ ಮುಗಿದು ಭಜನೆಯ ತಾಳಕ್ಕೆ ಕೈ ಹಚ್ಚಿದ್ದೆ. ಪಕ್ಕದ ಮನೆಯ ವೈನಿ ಗೋಡೆಯ ಮೇಲಿಂದ ಇಣುಕಿ ಹೇಳಿದರು, “ಪೇಟಿ ಕಾಕಾ ಹೋದ್ರಂತ್ರಿ. ಭೋಜ ಊರಾಗ, ಮಗಳ ಮನಿಯಾಗ. ಮುಂಜಾನೆ ಚಾ ಕುಡದು ಅಡ್ಡ ಆಗ್ಯಾರ, ಎದ್ದೇ ಇಲ್ಲ.”

“ಹೌದ್ರಿ?” ಎಂದೆ. ಕೈ ತಿಕ್ಕುತ್ತಲೇ ಇತ್ತು. ಅಳು ಬರಲಿಲ್ಲ. ಕಾಕಾ ನರಳಲಿಲ್ಲ, ಬಿಸಿ ಚಹಾ ಕುಡಿದೇ ಹೋದರು... ಅಷ್ಟಾದರೂ ದೇವರು ನಡೆಸಿಕೊಟ್ಟ.

ಆ ತಾಳ ಅವರೇ ಕೊಟ್ಟದ್ದು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಅವರೊಬ್ಬರೇ, ಅದಕ್ಕೇ ಪೇಟಿ ಕಾಕಾ. ಗುರುವಾರ ಸಂಜೆ ನಾವು ಐದಾರು ಹೆಂಗಸರು ಅವರ ಪಡಸಾಲೆಯಲ್ಲಿ ಭಜನೆಗೆ ಕೂಡುತ್ತಿದ್ದೆವು. ಕಾಕಾ ಒಂದು ಸೊಲ್ಲು ಹೇಳಿ ಪೇಟಿಯಿಂದ ಬೆರಳು ಎತ್ತಿಬಿಡುವರು. ಅದೇ ಸೊಲ್ಲನ್ನು ನಾವು ಎತ್ತಿಕೊಂಡ ಮೇಲೆಯೇ ಮುಂದಿನದು. ನಾವು ಮಾತಿಗೆ ಬಿದ್ದರೆ ಸುಮ್ಮನೆ ಕಾಯುವರು. “ಮುಗೀತೇನ್ರಿ ನಿಮ್ಮ ಪಲ್ಯದ ಪುರಾಣ? ಸೊಲ್ಲು ನೆಲಕ್ಕ ಬೀಳಾಕತ್ತೈತಿ, ಎತ್ಕೊಳ್ರೆವಾ.”

ಹೆದ್ದಾರಿಯ ಬದಿಗೆ ಹೊಸ ಕಾಫಿ ಅಂಗಡಿ ಆಯಿತು. ಸಂಜೆ ಹೊತ್ತು ಯಾರಾದರೂ ಕೂತು ಹಾಡಲಿ ಎಂದು ಅದರ ಮಾಲೀಕ ಕಾಕಾನನ್ನು ಕರೆದ. ಕಾಕಾನ ಹೆಂಡತಿ, ನಮ್ಮ ಕಾಕು, ತೀರಿಕೊಂಡು ವರ್ಷವಾಗಿತ್ತು. ಸಂಜೆಯಾದರೆ ಮನೆಯೊಳಗೆ ಇರಲಾಗದು ಎನ್ನುತ್ತಿದ್ದ ಕಾಕಾ ಮಡಿಕೆ ಮುರಿಯದ ಟೋಪಿ ಹಾಕಿಕೊಂಡು ಹೊರಟರು. ಒಂದು ತಿಂಗಳು ನೋಡುವುದು, ಮಂದಿ ಕೇಳದಿದ್ದರೆ ಅವರ ಬದಲು ಸ್ಪೀಕರ್ ಹಚ್ಚುವುದು ಎಂದು ಮಾಲೀಕ ಹೇಳಿದ್ದನಂತೆ. ಆ ತಿಂಗಳ ಕೊನೆಯ ವಾರ ಕಾಕಾ ನಮ್ಮ ಮುಂದೆ ಅಂದರು, “ಚಪ್ಪಾಳಿ ಬ್ಯಾಡ್ರೆವಾ. ಯಾರರೆ ಒಬ್ಬಾಕಿ ಬಂದು ಒಂದ್ ಸೊಲ್ಲು ಎತ್ಕೊಂಡ್ರ ಸಾಕು. ಒಂದ್ ದನಿ ಎದ್ರ ನಾಕ್ ದನಿ ಏಳ್ತಾವ.”

“ನಾ ಬರ್ತೀನ್ರಿ ಕಾಕಾ,” ಎಂದವಳು ನಾನೇ.

ಹೋದೆ. ಆದರೆ ಅಂದೇ ಕೊಲ್ಹಾಪುರದಿಂದ ನಾದಿನಿ, ಅವಳ ಗಂಡ ಬಂದಿದ್ದರು. ಅವರೂ ಜೊತೆಗೆ ಬಂದರು. ಕಾಫಿ ಯಂತ್ರದ ಪಕ್ಕದ ಮೂಲೆಯಲ್ಲಿ ಕಾಕಾ ಕೂತಿದ್ದರು. ಎದುರು ಮೇಜಿನವರು ಅವರನ್ನು ಬೆನ್ನಿಗೆ ಹಾಕಿಕೊಂಡು ಸೆಲ್ಫಿ ತೆಗೆದು, ಆಮೇಲೆ ಬಹಳ ಹೊತ್ತು ಆ ಫೋಟೋವನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಕಾಕಾನ ಮುಖ ಅರಳಿತು. ನಮ್ಮ ಗುರುವಾರದ ಭಜನೆಯ ಪದವನ್ನೇ ಹಿಡಿದರು. ಸೊಲ್ಲು ಹೇಳಿದರು. ಬೆರಳು ಎತ್ತಿದರು.

ಯಂತ್ರ ಬುಸ್ ಎಂದಿತು. ಕಾಕಾ ಕಾಯುತ್ತಿದ್ದರು, ನನ್ನ ಕಡೆಗೇ ನೋಡುತ್ತ.

“ವಹಿನಿ, ಕಾಕಾ ವಿಸರಲೇ ವಾಟತ,” ಮರೆತರೆಂದು ಕಾಣುತ್ತದೆ, ಎಂದು ನಾದಿನಿ ಮರಾಠಿಯಲ್ಲಿ ಹೇಳಿ ನಕ್ಕಳು.

ಸೊಲ್ಲು ನನ್ನ ಬಾಯಲ್ಲೇ ಇತ್ತು. ಇಷ್ಟು ಮಂದಿಯಲ್ಲಿ, ನಾದಿನಿಯ ಗಂಡನ ಎದುರು, ಭಜನೆಯ ದನಿ ತೆಗೆಯುವುದು ಹೇಗೆ... ಕಪ್ಪಿನಲ್ಲಿ ಚಮಚ ತಿರುವಿದೆ.

“ಹೂಂ,” ಎಂದೆ, “ವಯಸ್ಸಾತಲ್ಲ.”

ಕಾಕಾ ಇನ್ನೂ ಸ್ವಲ್ಪ ಕಾದರು. ಆಮೇಲೆ ತಮ್ಮ ಸೊಲ್ಲನ್ನು ತಾವೇ ಎತ್ತಿಕೊಂಡು, ದನಿ ಇಳಿಸಿ, ಪದ ಮುಗಿಸಿದರು.

ಮುಂದಿನ ವಾರ ಅಲ್ಲಿ ಸ್ಪೀಕರ್ ಬಂತು. ಕಾಕಾ ಮಗಳ ಊರಿಗೆ ಹೊರಟರು. ಹೊರಡುವ ದಿನ ನಮ್ಮ ಬಾಗಿಲಿಗೆ ಬಂದು ತಾಳ ಕೊಟ್ಟರು.

“ಅವತ್ತು ಕಾಫಿ ಆರಿತ್ತಲ್ಲವಾ ನಿಂದು?”

“ಹೂಂ ರಿ ಕಾಕಾ.”

“ಬಿಸಿ ಇದ್ದಾಗ ಕುಡೀಬೇಕು,” ಎಂದು ನಕ್ಕರು. ಬೈಯಲಿಲ್ಲ. ಅದನ್ನೂ ದೇವರ ದಯೆ ಎಂದೇ ಎಣಿಸಿದ್ದೆ. ಈಗ ಅನಿಸುತ್ತದೆ, ಬೈದಿದ್ದರೆ... ಏನೋ.

“ಮೂರಕ್ಕ ಮಣ್ಣಂತ. ಹೊಕ್ಕೀರೇನ್ರಿ?” ವೈನಿ ಕೇಳಿದರು.

“ಹೂಂ ರಿ. ಇವರು ಬಂದ ಕೂಡಲೇ ಹೋಗ್ತೀವಿ.”

ತಾಳವನ್ನು ನೀರಲ್ಲಿ ಅದ್ದಿ ತೆಗೆದೆ. ಸೊಲ್ಲು ಇವತ್ತಿಗೂ ನೆನಪಿದೆ. ಹೇಳಲೆಂದು ಬಾಯಿ ತೆರೆದೆ. ವೈನಿ ಇನ್ನೂ ಗೋಡೆಗೆ ಆತು ನಿಂತು ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ.

ಕಲೆ ಕೂರದಂತೆ ತಾಳವನ್ನು ಸೆರಗಿನಿಂದ ಒರೆಸಿ ಇಟ್ಟು, ರೊಟ್ಟಿಯ ಹಿಟ್ಟಿಗೆ ಎಸರಿಡಲು ಒಳಗೆ ಹೋದೆ.