ಭಾವನಿಗೆ ಆರಿಸಿಕೊಟ್ಟ ದಾರಿ

ನಮ್ಮ ಊರಲ್ಲಿ ಆಗ ಯಾರೂ ಸುಮ್ಮನೆ ನಡೆಯುತ್ತಿರಲಿಲ್ಲ. ಹೊಲಕ್ಕೆ, ಬಾವಿಗೆ, ಸಂತೆಗೆ, ಗುಡಿಗೆ, ಸತ್ತವರ ಮನೆಗೆ ನಡೆಯುತ್ತಿದ್ದರು. ಕೆಲಸವಿಲ್ಲದೆ ಒಬ್ಬ ನಡೆಯುತ್ತಿದ್ದರೆ, ಪಾಪ, ಮನೆಯಲ್ಲಿ ಜಗಳವಾಗಿರಬೇಕೆಂದು ಕರೆದು ಕೂಡಿಸಿ ನೀರು ಕೊಡುತ್ತಿದ್ದರು. ಅಂಥ ಮಸ್ಕಿಗೆ ನನ್ನ ಅಕ್ಕನ ಗಂಡ, ಹೈದರಾಬಾದಿನ ದಫ್ತರವೊಂದರಲ್ಲಿ ನೌಕರಿಯಲ್ಲಿದ್ದ ನಮ್ಮ ಭಾವ, ನಡೆಯುವುದಕ್ಕೆಂದೇ ರಜೆ ಹಾಕಿ ಅಕ್ಕನನ್ನು ಕರೆದುಕೊಂಡು ಬಂದರು. ನಿಜಾಮರ ಕಾಲ ಅದು. ನಾನು ಲಿಂಗಸುಗೂರಿನಿಂದ ಮಸ್ಕಿಯ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ.

ಭಾವನ ಚೀಲದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಇತ್ತು. ಅದರ ತುಂಬ ಯಾವುದೋ ದೂರದ ದೇಶದ ಕಾಡಿನ ಚಿತ್ರಗಳು. ಆ ಕಾಡನ್ನು ಅಲ್ಲಿನ ಸರ್ಕಾರ ಕಡಿಯಲು ಬಿಡದೆ, ಉಳಲು ಬಿಡದೆ, ಜನ ನೋಡಿ ಸಂತೋಷಪಡಲಿ ಎಂದೇ ಕಾಪಾಡಿ ಇಟ್ಟಿದೆಯಂತೆ. ಯಾವ ದಾರಿ ಹಿಡಿದರೆ ಏನು ಕಾಣುತ್ತದೆ ಎಂದು ಅಲ್ಲಲ್ಲಿ ಹಲಗೆ ನೆಟ್ಟಿದ್ದಾರಂತೆ. ಜನ ರಜೆಗೆ ಹೋಗಿ ಇವತ್ತು ಈ ದಾರಿ, ನಾಳೆ ಆ ದಾರಿ ಎಂದು ಆರಿಸಿಕೊಂಡು ನಡೆಯುತ್ತಾರಂತೆ. ನಮ್ಮ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಚಿತ್ರ ನೋಡಿ, “ಇಷ್ಟೊಂದು ಕಟಗಿ ಐತಿ, ಒಬ್ಬರೂ ಒಯ್ದಿಲ್ಲೇನು?” ಎಂದರು.

ಭಾವ ನಕ್ಕು ನನ್ನ ಕಡೆ ತಿರುಗಿದರು. “ಈ ಊರಾಕಿ ನೀನ. ನಮಗ ಚಲೋ ಚಲೋ ದಾರಿ ಆರಿಸಿ ಕೊಡಬೇಕು ನೋಡವಾ. ತಿರುಗಾಡಿ ಹವಾಖೋರಿನೂ ಆಗಬೇಕು, ಕಣ್ಣಿಗೆ ಚಂದ ನಜಾರಾನೂ ಕಾಣಬೇಕು. ಮಸ್ಕಿ ಅಂದರ ಬರೇ ಕಲ್ಲು ಅಂತಾಳ ನಿಮ್ಮಕ್ಕ. ಆಕಿ ಮಾತು ಸುಳ್ಳು ಮಾಡು.”

ಆ ಕೊನೆಯ ಮಾತು ನನಗೆ ಚುಚ್ಚಿತು. ಅಕ್ಕ ಹೈದರಾಬಾದು ಸೇರಿದಳು, ನಾನು ಕಲ್ಲಿನ ಊರು ಸೇರಿದೆ ಎಂಬ ಹೊಟ್ಟೆಯುರಿ ನನಗೆ ಮೊದಲೇ ಇತ್ತು. ತೋರಿಸಿಯೇ ಬಿಡುತ್ತೇನೆ ಎಂದು ಹೂಂಗುಟ್ಟಿದೆ. ಆಮೇಲೆ ರೊಟ್ಟಿ ತಟ್ಟುತ್ತ ಯೋಚಿಸಿದರೆ ನನಗೆ ಗೊತ್ತಿದ್ದದ್ದು ಬಾವಿಯ ದಾರಿ, ಮಲ್ಲಯ್ಯನ ಗುಡಿಯ ದಾರಿ, ಮತ್ತೊಂದು ದಾರಿ, ಅಷ್ಟೇ. ಮನೆಯ ಬೆನ್ನಿಗೇ ಇದ್ದ ಗುಡ್ಡದಲ್ಲಿ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ಎಂದು ಸೊಸೆಯಾದವಳು ನೋಡಿರಲಿಲ್ಲ. ಅತ್ತೆಯನ್ನು ಕೇಳಿದೆ. ಅವರಿಗೂ ಗೊತ್ತಿದ್ದದ್ದು ಅವೇ ದಾರಿಗಳು. ಅವರು ಆ ಊರಿನಲ್ಲಿ ಮುದುಕಿಯಾಗಿದ್ದರು.

ಮೊದಲ ದಿನ ಗುಡಿಗೆ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತಿ ಭಾವ ಬೆವೆತು, ಊರು ಚಂದ ಕಾಣುತ್ತದೆ ಎಂದರು. ಮರುದಿನ ಮಾವನಿಂದ ದಾರಿ ಕೇಳಿಕೊಂಡು ಹಳೆಯ ಅಕ್ಷರ ಕೆತ್ತಿದ ಬಂಡೆಗೆ ಹೋದೆವು. ಭಾವ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ, ಒಂದನ್ನೂ ಓದಲು ಬಾರದೆ, ಬಹಳ ಸಂತೋಷಪಟ್ಟರು. ಅದರ ಮಾರನೆಯ ದಿನ ಹಳ್ಳಕ್ಕೆ. ಹಳ್ಳದಲ್ಲಿ ಎಮ್ಮೆ ತೊಳೆಯುತ್ತಿದ್ದರು. ಅಕ್ಕ ಆಕಳಿಸಿದಳು. ಭಾವ ಮರಳಿನ ಮೇಲೆ ಅಷ್ಟು ದೂರ ಹೋಗಿ ಬಂದು, “ಇನ್ನೇನರ ಐತೇನವಾ?” ಎಂದು ಮೆತ್ತಗೆ ಕೇಳಿದರು.

ಇತ್ತು. ಆ ಮತ್ತೊಂದು ದಾರಿ ಇತ್ತು.

ಅದನ್ನು ಈಗ ಬರೆಯುವಾಗಲೂ ನನ್ನ ಕೈ ಹಿಂದೇಟು ಹಾಕುತ್ತದೆ. ನಮ್ಮ ಓಣಿಯ ಹೆಂಗಸರೆಲ್ಲ ನಸುಕಿನಲ್ಲಿ ಚರಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದ ದಾರಿ ಅದು. ಗುಡ್ಡದ ಬದಿಗೆ ಒಂದು ಅಗಲವಾದ ಚಪ್ಪಟೆ ಬಂಡೆ, ಅದರ ಕೆಳಗೆ ಲಕ್ಕಿಗಿಡ, ಪಾಪಾಸುಕಳ್ಳಿಗಳ ಮರೆ. ಗಂಡಸರು ಅತ್ತ ಕಾಲಿಡುತ್ತಿರಲಿಲ್ಲ. ಯಾರೂ ಬೇಲಿ ಹಾಕಿರಲಿಲ್ಲ, ಡಂಗುರ ಹೊಡೆಸಿರಲಿಲ್ಲ, ಆದರೂ ಇಡುತ್ತಿರಲಿಲ್ಲ. ಕೆಲಸ ಮುಗಿಸಿದ ಮೇಲೆ ಹೆಂಗಸರು ಬಂಡೆಯ ಮೇಲೆ ಬಂದು ನಿಲ್ಲುತ್ತಿದ್ದರು. ಮನೆಯಲ್ಲಿ ಬಾಯಿ ಬಿಡದ ಸೊಸೆಯಂದಿರು ಅಲ್ಲಿ ಗಲಗಲ ಮಾತಾಡುತ್ತಿದ್ದರು. ನಮ್ಮ ಅತ್ತೆಯೂ ಅಲ್ಲಿ ನನ್ನನ್ನು ಸೊಸೆಯಂತೆ ಕಾಣುತ್ತಿರಲಿಲ್ಲ, ನನ್ನ ಭುಜ ಹಿಡಿದು ಬಂಡೆ ಹತ್ತಿ ಓಣಿಯ ಸುದ್ದಿ ಹೇಳಿ ನಗುತ್ತಿದ್ದರು. ಎದುರಿಗೆ ಸಿಂಧನೂರಿನ ಕಡೆಗೆ ಜೋಳದ ಹೊಲಗಳು ಆಕಾಶ ಮುಟ್ಟುವವರೆಗೆ ಹರಡಿಕೊಂಡು, ಅಂಚಿನಲ್ಲಿ ಸೂರ್ಯ ಹುಟ್ಟುತ್ತಿದ್ದ. ನಾನು ಮಸ್ಕಿಯಲ್ಲಿ ಕಂಡ ಚಂದವೆಂದರೆ ಅದೊಂದೇ.

ಮಧ್ಯಾಹ್ನ ಅಲ್ಲಿ ಯಾರೂ ಇರುವುದಿಲ್ಲ, ಹಿಂದಿನ ಕಡೆಯಿಂದ ಬಂಡೆ ಹತ್ತಿಸಿ, ಕೆಳಗಿನ ಮರೆ ಕಾಣದಂತೆ ತೋರಿಸಿ ಕರೆತಂದರಾಯಿತು ಎಂದು ನಾನು ಲೆಕ್ಕ ಹಾಕಿದೆ. ಅಕ್ಕನಿಗೆ ಹೇಳಿದಾಗ ಅವಳ ಮುಖ ಕೆಂಪಾಯಿತು. ಬಂದ ದಿನದಿಂದ ಅವಳೂ ನಸುಕಿನಲ್ಲಿ ನಮ್ಮೊಂದಿಗೆ ಅಲ್ಲಿಗೇ ಬರುತ್ತಿದ್ದಳಲ್ಲ. “ಅಲ್ಲಿಗ್ಯಾಕ ಬೇ?” ಎಂದಳು. ನಾನು ಕೇಳಲಿಲ್ಲ. ಕಲ್ಲಿನ ಊರು ಎಂದವಳು ಅವಳೇ.

ಭಾವ ಬಂಡೆಯ ಮೇಲೆ ಹತ್ತಿ ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಹೆಮ್ಮೆಯಾಯಿತು. ಆಮೇಲೆ ಅವರು ಮೂಡಣಕ್ಕೆ ಕೈ ತೋರಿಸಿ, “ಮುಂಜಾನೆ ಸೂರ್ಯ ಹುಟ್ಟೂ ಮುಂದ ಇಲ್ಲಿ ನಿಂತರ ಹೆಂಗ ಕಾಣಬೇಕು! ನಾಳಿ ನಸಿಕಿನ್ಯಾಗ ಬರ್ತೀನಿ” ಎಂದರು.

ನಾನು ಅಕ್ಕನನ್ನು ನೋಡಿದೆ. ಅಕ್ಕ ಹೊಲಗಳನ್ನು ನೋಡಿದಳು.

“ಹಾವು ಅದಾವ್ರೀ ಭಾವ” ಎಂದೆ.

“ಬಡಿಗಿ ತರ್ತೀನಿ.”

“ದೆವ್ವ ಐತಿ ಅಂತಾರ್ರೀ.”

ಭಾವ ಗಟ್ಟಿಯಾಗಿ ನಕ್ಕರು. ಹೆಂಗಸರು ಬರುತ್ತಾರೆ ಎಂಬ ಎರಡು ಮಾತು ಸಾಕಿತ್ತು. ಆದರೆ ಯಾಕೆ ಬರುತ್ತಾರೆ ಎಂದು ಅವರು ಕೇಳಿದರೆ? ಅದನ್ನು ಒಬ್ಬ ಗಂಡಸಿನ ಮುಂದೆ, ಅದರಲ್ಲೂ ಅಕ್ಕನ ಗಂಡನ ಮುಂದೆ ಹೇಳುವ ಮಾತು ನನ್ನ ಬಾಯಲ್ಲಿ ಇರಲಿಲ್ಲ. ಹೇಳದೆಯೇ ತಿಳಿಯುತ್ತದೆ ಎಂಬ ಊರಿನಲ್ಲಿ ಬೆಳೆದವಳು ನಾನು. ಮನೆಯಲ್ಲೇ ಪಾಯಖಾನೆ ಇದ್ದ ಹೈದರಾಬಾದಿನ ಓಣಿಯಲ್ಲಿ ಹುಟ್ಟಿ ಬೆಳೆದವರು ಅವರು. ಇಲ್ಲಿ ಗಂಡಸರ ಜೊತೆ ಬೇರೆ ಕಡೆ ಹೋಗಿ ಬರುತ್ತಿದ್ದ ಅವರಿಗೆ, ಹೆಂಗಸರ ಜಾಗ ಇದೆಂದು ಹೇಳದಿದ್ದರೆ ಎಲ್ಲಿಂದ ತಿಳಿಯಬೇಕು?

ಸಂಜೆ ಭಾವ ಅಂಗಡಿಯಲ್ಲಿ ಕುಳಿತು ಆ ಬಂಡೆಯನ್ನು ಹೊಗಳಿದ್ದೇ ಹೊಗಳಿದ್ದು. ಅಲ್ಲಿದ್ದ ಗಂಡಸರಿಗೆಲ್ಲ ಅದು ಎಂಥ ಜಾಗವೆಂದು ಗೊತ್ತಿತ್ತು. ಎಲ್ಲರೂ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದರಂತೆ. ಮಾವ ಊಟಕ್ಕೆ ಕೂತಾಗ, “ನಸಿಕಿನ್ಯಾಗ ಥಂಡಿ ಭಾಳ ಇರ್ತೈತ್ರಿ, ನೆಗಡಿ ಆದೀತು” ಎಂದು ಮಾತ್ರ ಹೇಳಿದರು. ನನ್ನ ಗಂಡ ಇದ್ದಿದ್ದರೆ ಕಿವಿಯಲ್ಲಾದರೂ ಹೇಳುತ್ತಿದ್ದರೇನೋ. ಅವರು ಸಿಂಧನೂರಿನ ಸಂತೆಗೆ ಬಟ್ಟೆ ಗಂಟು ಕಟ್ಟಿಕೊಂಡು ಹೋಗಿದ್ದರು. ಅಡಿಗೆಮನೆಯಲ್ಲಿ ಅತ್ತೆ ನನ್ನ ಮುಖ ನೋಡಿ, “ಆಗೂದು ಆಗೇತಿ. ಅವರು ಏಳೂಕಿನ ಮೊದಲ ನಾವು ಹೋಗಿ ಬರೂಣು. ಉಳದವರಿಗೆ ನಾನು ಅಲ್ಲೇ ಹೇಳ್ತೀನಿ” ಎಂದರು.

ಮರುದಿನ ಇನ್ನೂ ಕತ್ತಲಿರುವಾಗಲೇ ಅತ್ತೆ, ಅಕ್ಕ, ನಾನು ಹೋದೆವು. ಒಬ್ಬೊಬ್ಬರಾಗಿ ಓಣಿಯ ಹೆಂಗಸರು ಬಂದರು. ಅತ್ತೆ, “ಲಗೂ ಮುಗಸ್ರೇ ಇವತ್ತ, ನಮ್ಮ ಬೀಗರು…” ಎಂದು ಹೇಳುತ್ತಿದ್ದರು. ಆಗ ಯಾರೋ ಉಸಿರೆಳೆದುಕೊಂಡದ್ದು ಕೇಳಿ ನಾನು ತಲೆ ಎತ್ತಿದೆ. ಬಂಡೆಯ ಮೇಲೆ, ಬೆಳಕಾಗುತ್ತಿದ್ದ ಆಕಾಶಕ್ಕೆ ಎದುರಾಗಿ, ಕೋಟು ಹಾಕಿಕೊಂಡು ಬಡಿಗೆ ಹಿಡಿದು ಭಾವ ನಿಂತಿದ್ದರು. ಉತ್ಸಾಹದಲ್ಲಿ ಅವರಿಗೆ ನಿದ್ದೆಯೇ ಬಂದಿರಲಿಲ್ಲವೇನೋ. ನಾನು ತೋರಿಸಿದ್ದ ಹಿಂದಿನ ದಾರಿಯಿಂದಲೇ ಹತ್ತಿ ಬಂದಿದ್ದರು. ಕೆಳಗೆ ನೋಡುತ್ತಿರಲಿಲ್ಲ. ಸೂರ್ಯನಿಗಾಗಿ ಕಾಯುತ್ತಿದ್ದರು.

ಎಲ್ಲರೂ ಒಮ್ಮೆಲೇ ಎದ್ದು ನಿಂತರು. ಎಲ್ಲರ ಸೆರಗೂ ಮುಖದ ಮೇಲೆ ಬಂತು. ನಮ್ಮಲ್ಲಿ ಗಂಡಸು ಬಂದರೆ ಎದ್ದು ನಿಂತು ಮುಖ ಮುಚ್ಚಿಕೊಳ್ಳುವುದು ರೂಢಿ. ಎದ್ದವಳು ಕೂತಿರಲಿಲ್ಲ ಎಂದೂ, ಮುಖ ಕಾಣದವಳು ಯಾರೂ ಅಲ್ಲ ಎಂದೂ ಎಲ್ಲರೂ ಒಪ್ಪಿಕೊಂಡಿದ್ದರು. ನಾನೂ ಎದ್ದೆ, ಮುಖ ಮುಚ್ಚಿಕೊಂಡೆ. ಅತ್ತೆ ಏಳಲಿಲ್ಲ. ಅವರ ಮೊಣಕಾಲು ಕೆಟ್ಟಿದ್ದವು, ದಿನವೂ ನಾನು ಕೈ ಕೊಟ್ಟರೇ ಅವರು ಏಳುತ್ತಿದ್ದದ್ದು. ಅವರು ಕೈ ಚಾಚಿ ಗಾಳಿಯಲ್ಲಿ ತಡಕಾಡಿದ್ದು ಸೆರಗಿನ ಅಂಚಿನಿಂದ ನನಗೆ ಕಂಡಿತು. ನನ್ನ ಎರಡೂ ಕೈ ನನ್ನ ಮುಖದ ಮೇಲಿದ್ದವು. ತೆಗೆಯಲಿಲ್ಲ. ತೆಗೆದರೆ ಭಾವ ನನ್ನನ್ನು ಗುರುತು ಹಿಡಿಯುತ್ತಾರಲ್ಲ!

ಅತ್ತೆ ನೆಲಕ್ಕೆ ಕೈಯೂರಿ ಏಳಲು ಹೋದಾಗ ಅವರ ಚರಿಗೆ ಉರುಳಿತು. ಹಿತ್ತಾಳೆ ಚರಿಗೆ ಠಣ್ ಠಣ್ ಎಂದು ಕಲ್ಲಿನಿಂದ ಕಲ್ಲಿಗೆ ಬಡಿದುಕೊಂಡು ಕೆಳಗಿನವರೆಗೆ ಹೋಯಿತು. ಭಾವ ಬಗ್ಗಿ ನೋಡಿದರು. ಸಾಲಾಗಿ ಮುಖ ಮುಚ್ಚಿ ನಿಂತ ಹೆಂಗಸರು, ನಡುವೆ ತೆರೆದ ಮುಖದ ಒಬ್ಬ ಮುದುಕಿ, ನೆಲದ ಮೇಲೆ. ಅವರ ಬಾಯಿಂದ “ಅಯ್ಯೋ” ಎಂದಷ್ಟೇ ಬಂತು. ಬಡಿಗೆ ಅಲ್ಲೇ ಬಿಟ್ಟು ಹಿಂದಕ್ಕೆ ಜಾರಿ ಓಡಿದರು.

ಮನೆಗೆ ಬಂದಾಗ ಅವರು ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಚಹಾ ಮುಟ್ಟಲಿಲ್ಲ. ಒಳಗೆ ಅಕ್ಕ ಅಳುತ್ತ ಟ್ರಂಕು ತುಂಬಿದಳು.

“ನೀ ಯಾಕ ಹೇಳಲಿಲ್ಲ ಬೇ ಅವರಿಗೆ?” ಎಂದಳು.

“ನಿನ್ನ ಗಂಡ. ನೀ ಯಾಕ ಹೇಳಲಿಲ್ಲ?”

“ನಾವು ಚರಗಿ ಹಿಡಕೊಂಡು ಅಲ್ಲಿ ಹೋಗ್ತೀವಿ ಅಂತ ಹೆಂಗ ಹೇಳಲಿ ಅವರಿಗೆ? ನನ್ನ ಏನಂತ ತಿಳಕೊಂಡಾರು?”

ಮಧ್ಯಾಹ್ನದ ಮೋಟಾರಿಗೆ ಅವರು ಲಿಂಗಸುಗೂರಿಗೆ ಹೊರಟುಬಿಟ್ಟರು. ಹೋಗುವ ಮುಂಚೆ ಭಾವ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅತ್ತೆ, “ಸುಖವಾಗಿರ್ರಿ, ಮತ್ತ ಬರ್ರಿ” ಎಂದರು. ಭಾವ ಮತ್ತೆ ಮಸ್ಕಿಗೆ ಬರಲಿಲ್ಲ. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ.

ಬಾವಿಯ ಹತ್ತಿರ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಹೋದರೆ ಜಾಗ ಬಿಟ್ಟುಕೊಟ್ಟು ಸುಮ್ಮನಾಗುತ್ತಿದ್ದರು. ಆದರೆ ಗಂಡಸು ನಿಂತ ಬಂಡೆಗೆ ಸೊಸೆಯಂದಿರನ್ನು ಕಳಿಸುವುದು ಬೇಡ ಎಂದು ಮನೆ ಮನೆಯಲ್ಲೂ ಹಿರಿಯರು ಮಾತಾಡಿಕೊಂಡರು. ಹೆಂಗಸರು ಹಳ್ಳ ದಾಟಿ ಆಚೆಯ ಜಾಲಿಗಿಡಗಳ ಕಡೆ ಹೋಗತೊಡಗಿದರು. ಬಹಳ ದೂರ, ಕಾಲಿಟ್ಟಲ್ಲಿ ಮುಳ್ಳು. ಅಲ್ಲಿ ನಿಂತು ಮಾತಾಡಲು ಬಂಡೆಯೂ ಇಲ್ಲ, ನಗುವೂ ಇಲ್ಲ. ಹೋದರು, ಬಂದರು, ಅಷ್ಟೇ. ಒಂದು ಚಂದದ ದಾರಿ ಆರಿಸಲು ಹೋಗಿ ಇಡೀ ಓಣಿಯ ಹೆಂಗಸರ ದಾರಿ ಕಳೆದೆನಲ್ಲ ಎಂದು ನಾಚಿಕೆಯಿಂದ ನಾನು ತಲೆ ಎತ್ತದೆ ನಡೆಯುತ್ತಿದ್ದೆ.

ಅತ್ತೆಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ನನ್ನ ಭುಜ ಹಿಡಿದು ಕೆಲವು ದಿನ ಬಂದರು. ಹಳ್ಳದ ಮರಳಿನಲ್ಲಿ ಕಾಲು ಹೂತುಹೋಗಿ ನಿಂತುಬಿಡುತ್ತಿದ್ದರು. ಆಮೇಲೆ ರಾತ್ರಿಯ ಊಟ ಬಿಟ್ಟರು. ಆಮೇಲೆ ಮಧ್ಯಾಹ್ನದ ರೊಟ್ಟಿಯೂ ಅರ್ಧವಾಯಿತು. ಲಿಂಗಪೂಜೆ ಮಾಡಿಕೊಂಡು, ಒಂದಿಷ್ಟು ಮಜ್ಜಿಗೆ ಕುಡಿದು ಮಲಗುತ್ತಿದ್ದರು. ಹಸಿವಿಲ್ಲವೇನೋ ಎಂದು ನಾನು ಮೊದಲು ತಿಳಿದೆ. ಒಂದು ಸಂಜೆ ತಾಟು ಮುಂದಿಟ್ಟು ಕೂತೇಬಿಟ್ಟೆ.

“ಉಣ್ರೀ ಅತ್ತೀ. ಇಲ್ಲಾಂದ್ರ ನಾನೂ ಉಣ್ಣಂಗಿಲ್ಲ.”

ಅವರು ತಾಟು ಮೆಲ್ಲಗೆ ಸರಿಸಿದರು. “ಉಂಡರ ಹೋಗಬೇಕಲ್ಲವಾ” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಉಪ್ಪು ತೀರಿದೆ ಎನ್ನುವ ಹಾಗೆ ಹೇಳಿದರು.

ನನ್ನ ಗಂಡನಿಗೆ ಇದು ಕಣ್ಣಿಗೆ ಬೀಳಲು ಬಹಳ ದಿನ ಹಿಡಿಯಿತು. ಊಟಕ್ಕೆ ಕೂತವರು ಒಮ್ಮೆ ತಾಯಿಯ ಕಡೆ ನೋಡಿ, “ಅವ್ವ ಯಾಕ ಇಷ್ಟ ಸೊರಗ್ಯಾಳ? ಉಣ್ಣಾಕತ್ತಿಲ್ಲೇನು?” ಎಂದು ನನ್ನನ್ನು ಕೇಳಿದರು. ಹೇಳಿದ್ದರೆ ಹಿತ್ತಲಲ್ಲಿ ಒಂದು ಗುಂಡಿ ತೋಡಿಸಿ, ನಾಲ್ಕು ತಟ್ಟಿ ಕಟ್ಟಿಸುವುದು ಅವರಿಗೆ ದೊಡ್ಡದಾಗಿರಲಿಲ್ಲ. ನಾನು ಬಾಯಿ ತೆರೆದೆ. ಅತ್ತೆ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದರು. ಹೇಳಬೇಡ ಎಂದು ನೋಡುತ್ತಿದ್ದರೋ, ಈ ಸಲವಾದರೂ ಹೇಳು ಎಂದು ನೋಡುತ್ತಿದ್ದರೋ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

“ಉಪವಾಸ ಹಿಡದಾರ್ರೀ” ಎಂದೆ.

ಅವರು ಕೈ ತೊಳೆದು ಬಂದು ತಾಯಿಯ ಪಾದ ಮುಟ್ಟಿದರು. ಮರುದಿನ ಅಂಗಡಿಯಲ್ಲಿ ಕೂತು, ನಮ್ಮವ್ವನ ಭಕ್ತಿ ಅಂದರೆ ಭಕ್ತಿ ಎಂದು ಬಂದವರಿಗೆಲ್ಲ ಹೇಳಿದರು.