ಕೌದಿಯ ತುತ್ತು

ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿಯ ಬೆಚ್ಚನೆಯ ಸುಖ ನಿಮಗೂ ಗೊತ್ತಿರಬೇಕು. ನಮ್ಮ ದಾವಣಗೆರೆಯ ಮನೆಯಲ್ಲಿ ಕೌದಿಗೂ ಹೊಟ್ಟೆಯಿದೆ, ಹಸಿವಿದೆ. ಕೊನೆಯ ಅಂಚನ್ನು ಮುಚ್ಚುವ ಮುನ್ನ ಒಳಗೊಂದು ಹೋಳಿಗೆ ಚೂರು ಇಡಬೇಕು. ಇಲ್ಲದಿದ್ದರೆ ಹೊದ್ದವರ ನಿದ್ದೆಯನ್ನೇ ಅದು ತಿಂದುಬಿಡುತ್ತದೆ ಎನ್ನುತ್ತಿದ್ದಳು ಅವ್ವ. ಇರುವೆ ಬಂದರೆ ಬರಲಿ, ಅವಳಿಗೇನು!

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಕ್ಕ ಗಿರಿಜೆ ಹರಿಹರದ ಹೊಳೆದಂಡೆಯಲ್ಲಿದ್ದ ಒಂದು ಪಂಥದಿಂದ ಬಿಡಿಸಿಕೊಂಡು ಮನೆಗೆ ಬಂದಳು. ಅಲ್ಲಿ ಎಲ್ಲರಿಗೂ ಬಿಳಿ ಬಟ್ಟೆ, ಯಾರಿಗೂ ಹೆಸರಿಲ್ಲ, 'ನಾನು' ಎನ್ನುವಂತಿಲ್ಲ, 'ಒಡೆಯ' ಎನಿಸಿಕೊಂಡವನ ಅಪ್ಪಣೆಯಿಲ್ಲದೆ ಗುಟುಕು ನೀರೂ ಇಲ್ಲ. ಬಂದವಳು ನಮ್ಮ ಪಡಸಾಲೆಯ ಬೋಳು ಗೋಡೆಗೆ ಮುಖ ಮಾಡಿ, "ನೀರು ಕುಡೀಲೇನ್ರಿ?" ಎಂದು ಕೇಳುತ್ತಿದ್ದಳು. ಕೇಳಿ ಕಾಯುತ್ತಿದ್ದಳು. ಆಮೇಲೆ ತಲೆಯಾಡಿಸಿ ಕುಡಿಯುತ್ತಿದ್ದಳು, ಇಲ್ಲವೇ ಚೊಂಬನ್ನು ಹಾಗೇ ಕೆಳಗಿಡುತ್ತಿದ್ದಳು. ಗೋಡೆ ಕೆಲವೊಮ್ಮೆ ಬೇಡ ಎನ್ನುತ್ತಿತ್ತು, ನೋಡಿ! ಊಟಕ್ಕಂತೂ ಅದು ಒಪ್ಪಿದ್ದೇ ಅಪರೂಪ. ಅಕ್ಕ ದಿನದಿನಕ್ಕೆ ಕಡ್ಡಿಯಾದಳು. ಹೀಗೇ ಬಿಟ್ಟಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಮಾತಿಗೆ ಬಾರದ್ದು ಕೈಗೆ ಬರುತ್ತದೆಂಬುದು ಅವ್ವನ ನಂಬಿಕೆ. ಪಕ್ಕದ ಮನೆಯ ಗಂಗಕ್ಕನನ್ನು ಕರೆದು, ಪಡಸಾಲೆಯಲ್ಲಿ ಕೌದಿ ಹಾಸಿ, ಅಕ್ಕನ ಕೈಗೂ ಸೂಜಿ ಕೊಟ್ಟಳು. ಅಕ್ಕ ಪಂಥದಲ್ಲಿ ಉಟ್ಟಿದ್ದ ತನ್ನ ಬಿಳಿ ಸೀರೆಯನ್ನೇ ತಂದು ಕತ್ತರಿಸಿ, ತುಂಡುಗಳನ್ನು ಕೌದಿಗೆ ಹಚ್ಚಿ ಹೊಲಿಯತೊಡಗಿದಳು. ಮಧ್ಯಾಹ್ನದ ಬೆಳಕಿನಲ್ಲಿ, ಕೌದಿಯ ಮೇಲೆ ಒಬ್ಬೊಬ್ಬರಾಗಿ ಬಿಳಿಯ ಮನುಷ್ಯರು ಎದ್ದು ನಿಂತರು. ಕಣ್ಣಿದೆ, ಬಾಯಿಲ್ಲ. ಎಲ್ಲರೂ ಆ ಗೋಡೆಯತ್ತಲೇ ತಿರುಗಿದ್ದಾರೆ.

"ಯವ್ವಾ, ಇದನ್ನ ಯಾರ್ ಹೊದ್ಕೊಂತಾರೆ? ನಂಗಂತೂ ಎದಿ ಝಲ್ ಅಂತೈತೆ," ಎಂದಳು ಗಂಗಕ್ಕ.

"ಹೊಲೀಲಿ ಬಿಡು ಗಂಗಕ್ಕಾ. ಒಳಗಿದ್ದದ್ದು ಹೊರಗ ಬರ್ಲಿ," ಎಂದಳು ಅವ್ವ.

ಕಲೆಯೆಂದರೆ ಕಣ್ಣಿಗೆ ತಂಪು, ಮನಸ್ಸಿಗೆ ಸೊಂಪು ಎಂದು ನಂಬಿದ್ದವರು ನಾವು. ಆ ಮೂಕರ ಸಾಲಿನೆದುರು ಕುಳಿತಾಗ, ಹುಣ್ಣಿನ ಕೀವು ತೆಗೆಯುವ ಮುಳ್ಳೂ ಅದೇ ಇರಬಹುದೆಂದು ನನಗೆ ಅನ್ನಿಸಿತು. ಭಯವೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ?

ಒಂದು ದಿನ ಅಕ್ಕ ಕೆಂಪು ದಾರ ಕೇಳಿದಳು. ಕೇಳಿದ್ದು ಗೋಡೆಯನ್ನಲ್ಲ, ಗಂಗಕ್ಕನನ್ನು. ಒಬ್ಬೊಬ್ಬರಿಗೂ ಅಗಲವಾಗಿ ತೆರೆದ ಬಾಯಿ ಮೂಡಿಸಿದಳು. ಅವರು ಕೂಗುತ್ತಿದ್ದರೋ, ಹಸಿದಿದ್ದರೋ, ತಿಳಿಯಲಿಲ್ಲ.

ಕೊನೆಯ ಅಂಚು ಉಳಿಯಿತು. ಅವ್ವ ತಟ್ಟೆಯಲ್ಲಿ ಹೋಳಿಗೆ ತಂದು, ಒಂದು ಚೂರು ಮುರಿದು ಅಕ್ಕನ ಅಂಗೈಯಲ್ಲಿಟ್ಟು, "ನೀನೇ ಇಡವ್ವಾ" ಎಂದಳು. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿಗೆ ಹಾಕಿಕೊಂಡಳು.

"ಅಯ್ಯಯ್ಯ, ಕೌದಿ ತುತ್ತು ತಿಂದ್ಬಿಟ್ಲಲ್ಲವ್ವಾ!" ಗಂಗಕ್ಕ ಕೂಗಿಕೊಂಡಳು.

ಅಕ್ಕ ಅಗಿದು ನುಂಗಿ, "ನನಗ ಹಸಿವಾಗಿತ್ತು," ಎಂದಳು.

ನಾವು ಮೂವರೂ ಗೋಡೆಯತ್ತ ನೋಡಿದೆವು. ಅವಳೊಬ್ಬಳು ನೋಡಲಿಲ್ಲ, ಅವ್ವನ ಕೈಯಲ್ಲಿದ್ದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.